ಹಗ್ಗದ ಹಿಂದಿನ ತುದಿಯಲ್ಲಿ

ಮೈಸೂರಿಗೆ ಹಿಂತಿರುಗಿದ ಮೇಲೆ ನಮ್ಮ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೇಳಿದ್ದು ಒಂದೇ ಪ್ರಶ್ನೆ. ಆ ದೇಶ ಹೇಗಿದೆ? ಊರು ಅಂತ ಯಾರೂ ಕೇಳಲಿಲ್ಲ, ದೇಶ ಅಂತಲೇ ಕೇಳಿದರು. ರಾಜ್ಯ ಒಂದಾಗಿ, ಶಾಲೆಯ ಭೂಪಟದಲ್ಲಿ ಅವರಿಗೂ ನಮಗೂ ಒಂದೇ ಬಣ್ಣ ಹಚ್ಚಿ ಕೆಲವು ವರ್ಷಗಳೇ ಆಗಿದ್ದವು. ಆದರೆ ನಮ್ಮತ್ತೆಯವರ ಪ್ರಕಾರ ತುಂಗಭದ್ರೆ ದಾಟಿದರೆ ಪರದೇಶ. ಅಲ್ಲಿಯವರು ಮಾತಾಡುವುದೂ ಕನ್ನಡವೇ ಅಂತ ನಾನು ಹೇಳಿದರೆ ಅವರು ನಂಬುವುದಿಲ್ಲ. ಅಲ್ಲಿದ್ದಷ್ಟು ಹೊತ್ತು ನಾನೂ ನಂಬಿರಲಿಲ್ಲ.

ನಮ್ಮವರು ರಸ್ತೆ ಕೆಲಸದ ಓವರ್‌ಸಿಯರು. ಅವರನ್ನು ಚಿಂಚೋಳಿಗೆ ಹಾಕಿದಾಗ ನಾನು ಜೊತೆಯಲ್ಲಿ ಹೋಗಲಿಲ್ಲ. ಅತ್ತೆಗೆ ಮೈ ಸರಿಯಿಲ್ಲ ಅನ್ನುವುದು ಹೇಳಿದ ಕಾರಣ, ನನಗೆ ಮನಸ್ಸಿಲ್ಲ ಅನ್ನುವುದು ಇದ್ದ ಕಾರಣ. ನನ್ನ ಅಪ್ಪ ಮದುವೆಯಲ್ಲಿ ಕೊಟ್ಟಿದ್ದ ಹಳೆಯ ಕಪ್ಪು ಕಾರನ್ನು ತೆಗೆದುಕೊಂಡು ಅವರು ಒಬ್ಬರೇ ಹೋದರು. ಸಂಕ್ರಾಂತಿ ಕಳೆದ ಮೇಲೆ ಸುದ್ದಿ ಬಂತು. ವರ್ಗವಾಗಿದೆ, ಸಾಮಾನು ಕಟ್ಟಬೇಕು, ನೀನು ಬಂದರೆ ಅನುಕೂಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಗಂಡ ಮನೆಗೆ ಬರುತ್ತಾರೆ, ಅಪ್ಪನ ಕಾರೂ ಬರುತ್ತದೆ. ಇಬ್ಬರನ್ನೂ ಮೈಸೂರಿಗೆ ಮುಟ್ಟಿಸಿಬಿಡಬೇಕು ಅಂತ ಹಟ ಹಿಡಿದು ರೈಲು ಹತ್ತಿದೆ.

ಚಿಂಚೋಳಿ

ನಾನು ಹೋಗಿ ನೋಡುವಷ್ಟರಲ್ಲಿ ಕಾರು ಹೋಗಿತ್ತು. ಅಂದರೆ ನಿಂತಲ್ಲೇ ಇತ್ತು, ಜೀವ ಹೋಗಿತ್ತು. ಇಂಜಿನ್ನು ಕಚ್ಚಿಕೊಂಡುಬಿಟ್ಟಿದೆ, ಈ ಕಡೆ ಯಾರಿಂದಲೂ ಆಗುವ ಕೆಲಸವಲ್ಲ ಎಂದು ನಮ್ಮವರು ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಟೈರು ನೋಡಿದರು. ನನಗೆ ಅಷ್ಟು ಸಾಕಾಯಿತು. ನಾನು ಹುಟ್ಟಾ ಅನುಮಾನದವಳು. ಹಾಲಿನವನು ಮಾಮೂಲಿಗಿಂತ ಒಂದು ಹನಿ ಹೆಚ್ಚು ಹಾಕಿದರೂ ಯಾಕೆ ಅಂತ ಕೇಳುವವಳು.

ಅವರ ಯೋಜನೆ ಹೀಗಿತ್ತು. ಕಾರನ್ನು ಒಂದು ಪಿಕಪ್ ಗಾಡಿಗೆ ಕಟ್ಟಿ ವಾಡಿಯವರೆಗೆ ಎಳೆಸುವುದು. ವಾಡಿ ದೊಡ್ಡ ಜಂಕ್ಷನ್ನು, ಅಲ್ಲಿ ಕಾರನ್ನು ಗೂಡ್ಸ್ ರೈಲಿಗೆ ಏರಿಸಿ ನಾವು ಸಂಜೆಯ ರೈಲು ಹಿಡಿಯುವುದು. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಚಿಂಚೋಳಿಗೆ ಅಂಟಿಕೊಂಡಿರುವ ಚಂದಾಪುರದ ಅವರ ಬಾಡಿಗೆ ಮನೆಯಲ್ಲಿ ಸಾಮಾನು ಕಟ್ಟುವಾಗ ಒರಳುಕಲ್ಲನ್ನೂ ಗೋಣಿಯಲ್ಲಿ ಸುತ್ತಿಟ್ಟಿದ್ದು ಕಂಡಿತು. ಮೈಸೂರಿನ ಮನೆಯಲ್ಲಿ ಎರಡು ಒರಳಿವೆ. ಮೂರನೆಯದು ಯಾರ ತಲೆಗೆ ಅಂತ ಕೇಳಿದೆ. ಕಲ್ಲು ಒಳ್ಳೆಯದಿದೆ ಅಂದರು. ಕಿಟಕಿಯ ಪರದೆಗಳನ್ನೂ ಬಿಚ್ಚಿ ಮಡಿಸಿಟ್ಟಿದ್ದರು.

ಪಿಕಪ್ಪಿನವನ ಹೆಸರು ಮೌಲಾಲಿ. ಶಹಾಬಾದಿನವನು. ಅವನ ಗಾಡಿಗೆ ಜೀಪಿನ ಮೂತಿ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ವಯಸ್ಸು ನಲವತ್ತರ ಆಸುಪಾಸು, ಗಡ್ಡದಲ್ಲಿ ಅರ್ಧ ಬಿಳಿ. ನನ್ನನ್ನು ಕಂಡ ಕೂಡಲೇ ಎದೆಗೆ ಕೈಯಿಟ್ಟು ನಕ್ಕು, ಫಿಕರ್ ಮಾಡಬ್ಯಾಡ್ರಿ ಅಮ್ಮಾರೆ ಅಂದ. ನಾನಿನ್ನೂ ಒಂದು ಮಾತೂ ಆಡಿರಲಿಲ್ಲ. ಕೇಳುವ ಮೊದಲೇ ಚಿಂತೆ ಬೇಡ ಅನ್ನುವವರನ್ನು ಕಂಡರೆ ನನಗೆ ಚಿಂತೆ ಶುರುವಾಗುತ್ತದೆ.

ಸ್ವಲ್ಪ ಹೊತ್ತಾದ ಮೇಲೆ ಅವನು ಬಾಗಿಲಿಗೆ ಬಂದು ನಮ್ಮವರಿಗೆ ಹೇಳಿದ: "ಕಾರ್ ಹುಣಚಿ ಗಿಡದ ಬುಡಕ ಹಚ್ಚೀನ್ರಿ ಸಾಹೇಬ್ರ."

ಅಯ್ಯೋ ರಾಮ! ನಾನು ಕೈಗೆ ಸಿಕ್ಕ ಕೊಡವನ್ನು ಎತ್ತಿಕೊಂಡು ಓಡಿದೆ. ಹುಣಸೆಮರದ ಕೆಳಗೆ ಕಾರು ತಣ್ಣಗೆ ನಿಂತಿತ್ತು. ಹೊಗೆಯಿಲ್ಲ, ಬೆಂಕಿಯಿಲ್ಲ. ಹಿಂದಿನಿಂದ ಬಂದ ನಮ್ಮವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಮ್ಮಲ್ಲಿ ಹಚ್ಚುವುದು ದೀಪವನ್ನು, ಒಲೆಯನ್ನು, ಊರಿಗೆ ಕಿಚ್ಚನ್ನು. ಇವರು ಕಾರನ್ನೂ ಹಚ್ಚುತ್ತಾರೆ. ಅಂದರೆ ನಿಲ್ಲಿಸುತ್ತಾರೆ. ಗೋಡೆಗೆ ಏಣಿ ಹಚ್ಚುತ್ತಾರೆ, ಆಳನ್ನು ಕೆಲಸಕ್ಕೆ ಹಚ್ಚುತ್ತಾರೆ, ಯಾವುದನ್ನು ಎಲ್ಲಿ ಇಟ್ಟರೂ ತೊಡಗಿಸಿದರೂ ಇವರಿಗೆ ಅದು ಹಚ್ಚುವುದೇ. ಕೊಡದ ನೀರು ಅರ್ಧ ನನ್ನ ಸೀರೆಯ ಮೇಲಿತ್ತು. ಆಗಲಿ, ಈ ದೇಶದ ಭಾಷೆ ಒಂದು ಮಾತು ಕಲಿತ ಹಾಗಾಯಿತು, ಇನ್ನು ನನ್ನನ್ನು ಯಾರೂ ಏಮಾರಿಸುವಂತಿಲ್ಲ ಅಂದುಕೊಂಡೆ.

ಎಳೆಸುವ ಕಾರಿನಲ್ಲೂ ಒಬ್ಬರು ಕೂರಬೇಕು. ಚಕ್ರ ತಿರುಗಿಸಬೇಕು, ಬ್ರೇಕು ಹಿಡಿಯಬೇಕು. ನಾನೇ ಕೂರುತ್ತೇನೆ ಅಂದೆ. ಅಪ್ಪ ಇದೇ ಕಾರಿನಲ್ಲಿ ಬೆಟ್ಟದ ತಪ್ಪಲಿನ ರಸ್ತೆಯಲ್ಲಿ ನನಗೆ ಓಡಿಸುವುದನ್ನು ಕಲಿಸಿದ್ದರು. ಸತ್ತ ಕಾರನ್ನಾದರೂ ಬೇರೆಯವರ ಕೈಗೆ ಕೊಡುವ ಮನಸ್ಸಿರಲಿಲ್ಲ. ನಮ್ಮವರು ಒಂದು ಮಾತೂ ವಾದಿಸದೆ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಹೋಗಿ ಕುಳಿತರು. ಅದೂ ನನಗೆ ಸರಿಕಾಣಲಿಲ್ಲ.

ಮೌಲಾಲಿ ಬಾವಿಯಿಂದ ನೀರೆಳೆಯುವ ದಪ್ಪ ಹಗ್ಗವನ್ನು ಕಟ್ಟಿ ಬಂದು, ಕಿಟಕಿಯಲ್ಲಿ ಬಗ್ಗಿ ಬುದ್ಧಿ ಹೇಳಿದ. ಅವನು ಕೈ ಹೊರಗೆ ಚಾಚಿದರೆ ಮಾತ್ರ ಬ್ರೇಕು, ಇಲ್ಲದಿದ್ದರೆ ಕಾಲು ದೂರ. "ಹಗ್ಗ ಸಡ್ಲ ಆಗಬಾರ್ದು ನೋಡ್ರಿ. ಸಡ್ಲ ಆಗಿ ಗಪ್ಪನ ಜಗ್ಗಿತಂದ್ರ ಹರೀತದ."

ಸೇಡಂ

ಎಳೆಸಿಕೊಂಡು ಹೋಗುವ ಪ್ರಯಾಣ ಎಂಥದು ಅಂತ ಕೇಳುತ್ತೀರಿ. ಕುಳಿತವರಿಗೆ ದಾರಿ ಕಾಣುವುದಿಲ್ಲ, ಮುಂದಿನ ಗಾಡಿಯ ಬೆನ್ನು ಕಾಣುತ್ತದೆ. ರಸ್ತೆಯ ಎರಡೂ ಕಡೆ ಕೊಯ್ದ ತೊಗರಿಯ ಹೊಲ, ನಿಂತ ಬಿಳಿಜೋಳ, ಕಪ್ಪು ಮಣ್ಣು ಅಂತ ಆಮೇಲೆ ನಮ್ಮವರು ವರ್ಣಿಸಿದರು. ನಾನು ಕಂಡದ್ದು ಧೂಳು. ಧೂಳಿನ ನಡುವೆ ಪಿಕಪ್ಪಿನ ಹಿಂದಿನ ಗಾಜಿನಲ್ಲಿ ಎರಡು ತಲೆಗಳು. ಎರಡೂ ಬಿಡುವಿಲ್ಲದೆ ಮಾತಾಡುತ್ತಿದ್ದವು. ಮನೆಯಲ್ಲಿ ಉಪ್ಪು ಕಡಿಮೆ ಅನ್ನುವುದಕ್ಕೂ ಬಾಯಿ ತೆರೆಯದ ಮನುಷ್ಯ ಅಲ್ಲಿ ಕೈ ಆಡಿಸಿ ಆಡಿಸಿ ಮಾತಾಡುತ್ತಿದ್ದರು. ನಡುನಡುವೆ ಹಿಂತಿರುಗಿ ನನ್ನನ್ನು ನೋಡುವುದು, ನನ್ನ ಕಣ್ಣು ಸಿಕ್ಕ ಕೂಡಲೇ ಮುಂದೆ ತಿರುಗಿಬಿಡುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಾನಂತೂ ಇನ್ನೂ ಕಳ್ಳ ಅಂದೂ ಇರಲಿಲ್ಲ.

ಸೇಡಂನಲ್ಲಿ ಚಹಾಕ್ಕೆ ನಿಲ್ಲಿಸಿದರು. ನಿಲ್ಲಿಸಿದ್ದು ಹೋಟೆಲಿನ ಮುಂದಲ್ಲ, ಮೌಲಾಲಿಯ ಷಡ್ಡಕನ ಮನೆಯ ಮುಂದೆ. ನಾನು ಇಳಿದದ್ದೇ ತಡ, ಹೆಂಗಸರು ಸುತ್ತ ನೆರೆದರು. ಮೈಸೂರಿನಲ್ಲಿ ಹೊಸಬರು ಬಂದರೆ ನಾವು ಕಿಟಕಿಯ ಸಂದಿಯಿಂದ ನೋಡುತ್ತೇವೆ. ಇಲ್ಲಿ ಹತ್ತಿರ ಬಂದು, ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಕೂತುಕೊಳ್ಳಿ ಅಂದರು, ಉಣ್ಣಿ ಅಂದರು, ಬೇಡ ಅಂದರೆ ಅದನ್ನು ಮಾತು ಅಂತಲೇ ಲೆಕ್ಕಕ್ಕಿಡಲಿಲ್ಲ. ಕಡಕ್ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅಂದರೆ ನಮ್ಮ ಕಡಲೆಕಾಯಿ ಚಟ್ನಿಪುಡಿ. ಒಂದು ತುತ್ತಿಗೆ ನನ್ನ ಕಣ್ಣು ಮೂಗು ಎಲ್ಲ ಹರಿಯಿತು. ಅಳುತ್ತಿದ್ದೇನೆ ಅಂದುಕೊಂಡು ಒಬ್ಬಾಕೆ ಬೆನ್ನು ಸವರಿದಳು.

ಅದೆಲ್ಲ ಸರಿ. ಆದರೆ ಅವರ ಪ್ರಶ್ನೆಗಳು! ಎಷ್ಟನೇ ಇಯತ್ತೆ ಓದಿದ್ದೀರಿ? ಲೆಕ್ಕ ಬರುತ್ತದೆಯೋ? ಸಿಟ್ಟು ಬಂದರೆ ಹೊಡೆಯುತ್ತೀರೋ? ಮದುವೆಗೆ ಮುಂಚೆ ಟ್ರೈನಿಂಗ್ ಮುಗಿಸಿ ಹುಡುಗಿಯರ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಅತ್ತೆಯವರಿಗೆ ಹಿಡಿಸಲಿಲ್ಲ, ಬಿಟ್ಟೆ ಅಂತ ಹೇಳಿದೆ. ಬಿಟ್ಟಾಗ ಒಂದು ವಾರ ಊಟ ಸೇರಿರಲಿಲ್ಲ, ಅದನ್ನು ಹೇಳಲಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. ನನಗೆ ವಧುಪರೀಕ್ಷೆಯ ನೆನಪಾಯಿತು. ಹಾಡು ಬರುತ್ತದೆಯೇನಮ್ಮ ಅಂತ ಕೇಳುವುದೊಂದು ಬಾಕಿ ಇತ್ತು.

ಹೊರಡುವಾಗ ರೈಲಿನ ಸಿಳ್ಳು ಕೇಳಿಸಿತು. ಸೇಡಂನಲ್ಲೂ ಸ್ಟೇಷನ್ ಇದೆಯಲ್ಲ, ಕಾರನ್ನು ಇಲ್ಲೇ ಏರಿಸಬಾರದೇಕೆ ಅಂತ ನಮ್ಮವರನ್ನು ಕೇಳಿದೆ. ಅವರು ಮೌಲಾಲಿಯ ಕಡೆ ನೋಡಿದರು, ಅವನು ದೂರದಲ್ಲಿ ಹಗ್ಗದ ಗಂಟು ಬಿಗಿಯುತ್ತಿದ್ದ. ಆಮೇಲೆ ನಮ್ಮವರು, ಇಲ್ಲಿ ಕಾರು ಏರಿಸುವ ಕಟ್ಟೆಯಿಲ್ಲ ಅಂದರು. ಇರಬಹುದು. ಆದರೆ ಅಷ್ಟು ಹೊತ್ತು ಯೋಚಿಸುವ ಮಾತಲ್ಲ ಅದು.

ಮಳಖೇಡ

ಕಾಗಿಣಾ ನದಿಯ ಹತ್ತಿರ ರಸ್ತೆ ಇಳಿಜಾರು. ದಂಡೆಯ ಮೇಲೆ ಹಳೆಯ ಕೋಟೆ, ಬಿದ್ದ ಗೋಡೆಗಳ ನಡುವೆ ಆಡುಗಳು ಮೇಯುತ್ತಿದ್ದವು. ಒಂದು ಕಾಲದಲ್ಲಿ ಇದು ದೊಡ್ಡ ರಾಜರ ರಾಜಧಾನಿ ಅಂತ ಮಕ್ಕಳಿಗೆ ಪಾಠ ಹೇಳಿದ್ದೆ, ನೋಡೋಣ ಅಂತ ಕತ್ತು ಹೊರಳಿಸಿದೆ. ಅಷ್ಟರಲ್ಲಿ ಇಳಿಜಾರಿಗೆ ನನ್ನ ಕಾರು ತಾನೇ ಉರುಳಿ ಪಿಕಪ್ಪಿನ ಬೆನ್ನಿಗೆ ಬಂತು. ಹಗ್ಗ ಸಡಿಲವಾಗಿ ಮುಂದಿನ ಚಕ್ರದ ಅಡಿಗೆ ಹೋಯಿತು. ಬ್ರೇಕು ಒತ್ತಿದೆ. ಹಗ್ಗ ಹರಿಯಲಿಲ್ಲ, ನನ್ನ ಹಣೆ ಮಾತ್ರ ಸ್ಟೀರಿಂಗಿಗೆ ಬಡಿದು ಕೋಡು ಬಂತು. ರಾಜಧಾನಿ ನೋಡಿದ್ದು ಅಷ್ಟೇ.

ಮೌಲಾಲಿ ಇಳಿದು ಓಡಿಬಂದ. ಮೊದಲು ನನ್ನ ಹಣೆ ನೋಡಿದ, ಆಮೇಲೆ ಹಗ್ಗ ನೋಡಿದ. ನಮ್ಮವರು ಮೊದಲು ಹಗ್ಗ ನೋಡಿದರು, ಇದನ್ನು ಬರೆಯಲೇಬೇಕು. ನಾಳೆಗೆ ಬಿಡಬೇಡಿ, ಇವತ್ತೇ ಎಣ್ಣೆ ಹಚ್ಚಿಕೊಳ್ಳಿ ಅಂತ ಮೌಲಾಲಿ ಒಂದು ಶೀಸೆ ಕೊಟ್ಟ. ಅವನ ಕಕ್ಕುಲಾತಿ ನನಗೆ ಅತಿಯೆನಿಸಿತು. ಬಾಡಿಗೆಯವನಿಗೆ ಕಾರಿಗಿಂತ ನನ್ನ ತಲೆ ಯಾಕೆ ಹೆಚ್ಚಾಗಬೇಕು?

ಅವರು ಹಗ್ಗ ಬಿಡಿಸುತ್ತಿದ್ದಾಗ ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಮೇಲೆ ಬಂದರು. ಹಿರಿಯಳು ಕಾರನ್ನು ಒಂದು ಸುತ್ತು ಬಂದು ನನ್ನ ಹತ್ತಿರ ಮೆಲ್ಲಗೆ ಕೇಳಿದಳು: "ಯವ್ವಾ, ಗಾಡಿ ಜಪ್ತಿ ಆಗ್ಯಾದೇನು?"

ಜಪ್ತಿ ಅನ್ನುವುದು ನಮ್ಮಲ್ಲೂ ಇರುವ ಮಾತು, ಅರ್ಥಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಇಲ್ಲ, ಕೆಟ್ಟಿದೆ ಅಂದೆ. ಹಿರಿಯಳು ಹೌದೌದು ಅನ್ನುತ್ತ ನನ್ನ ಕೈ ಒತ್ತಿದಳು. ಎಲ್ಲರೂ ಹಾಗೇ ಹೇಳುತ್ತಾರೆ ಅನ್ನುವ ಹಾಗಿತ್ತು ಅವಳ ಮುಖ. ನದಿ ದಾಟುವಷ್ಟು ಹೊತ್ತೂ ಆ ಮಾತು ತಲೆಯಲ್ಲಿ ಗುಂಯ್ ಅನ್ನುತ್ತಿತ್ತು. ಇಂಜಿನ್ ಕಚ್ಚಿಕೊಂಡಿದೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಅವರು ಹೇಳಿದ್ದು, ನಾನು ಕೇಳಿದ್ದು.

ಚಿತ್ತಾಪುರ

ಚಿತ್ತಾಪುರದಲ್ಲಿ ಮತ್ತೆ ನಿಲ್ಲಿಸಿದಾಗ ನಾನು ಕಾರು ಬಿಟ್ಟು ಇಳಿಯಲಿಲ್ಲ. ಜಪ್ತಿ ಮಾಡುವವರು ಬಂದರೆ ನನ್ನನ್ನೂ ಸೇರಿಸಿಯೇ ಮಾಡಲಿ ಅಂತ ಸ್ಟೀರಿಂಗು ಹಿಡಿದು ಕುಳಿತೆ. ನಮ್ಮವರು ಚಹಾ ತರಲು ಹೋಟೆಲಿನೊಳಗೆ ಹೋದರು. ಮೌಲಾಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಮುದುಕನ ಜೊತೆ ಮಾತಿಗೆ ನಿಂತ. ಮುದುಕ ನನ್ನ ಕಡೆ ಕೈ ತೋರಿಸಿ ಏನೋ ಕೇಳಿದ. ಮೌಲಾಲಿ ಹೇಳಿದ್ದು ಈ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು.

"ಈ ಅಮ್ಮಾರಿಗೇ ನೋಡ್ರಿ, ಸಾಲಿಗಿ ಹಚ್ಚತಾರ. ಸಾಹೇಬ್ರು ಮಾತ ಕೊಟ್ಟಾರ."

ಮುದುಕ ಎರಡೂ ಕೈ ಮೇಲೆತ್ತಿ ದೇವರಿಗೆ ಮುಗಿದ.

ಹಚ್ಚುವುದು ಅಂದರೆ ಏನು ಅಂತ ಬೆಳಿಗ್ಗೆಯೇ ಕಲಿತಿದ್ದೆನಲ್ಲ. ಸಾಲಕ್ಕೆ ಹಚ್ಚುತ್ತಾರೆ! ಸಾಲಕ್ಕೆ ಸಾಲಿಗಿ ಅಂದದ್ದು ಇವರ ಉಚ್ಚಾರ ಇರಬೇಕು, ಇವರು ಊರಿಗೆ ಅನ್ನುವುದನ್ನೂ ಊರಿಗಿ ಅನ್ನುವವರು. ಎಲ್ಲ ಒಂದಕ್ಕೊಂದು ಕೂಡಿಬಂತು. ನಮ್ಮವರು ಇಲ್ಲಿ ಸಾಲ ಮಾಡಿಕೊಂಡಿದ್ದಾರೆ. ಕಾರು ಅದಕ್ಕೆ ಹೋಗಿದೆ. ಕಾರು ಸಾಲದೆ ಬಂತು ಅಂತ ಈಗ ನನ್ನನ್ನು... ಹೆಂಡತಿಯನ್ನು ಒತ್ತೆಯಿಡುವ ಕಾಲ ಹೋಯಿತು ಅಂದುಕೊಂಡಿದ್ದೆ. ಈ ದೇಶದಲ್ಲಿ ಏನು ಪದ್ಧತಿಯೋ ಯಾರಿಗೆ ಗೊತ್ತು? ಸೇಡಂನ ಹೆಂಗಸರು ಓದು, ಲೆಕ್ಕ, ಸಿಟ್ಟು ಅಂತ ವಿಚಾರಿಸಿದ್ದು ಯಾವುದೋ ಸಾಹುಕಾರನ ಮನೆಯ ಮಕ್ಕಳನ್ನು ನೋಡಿಕೊಳ್ಳುವ ಚಾಕರಿಗೇ ಇರಬೇಕು.

ನಮ್ಮವರು ಚಹಾ ತಂದರು. ನನ್ನಿಂದ ಏನಾದರೂ ಮುಚ್ಚಿಟ್ಟಿದ್ದೀರಾ ಅಂತ ನೇರವಾಗಿಯೇ ಕೇಳಿದೆ.

"ಚಹಾ ಆರಿಹೋಗುತ್ತೆ, ಕುಡಿ," ಅಂದರು.

ಕುಡಿದೆ. ಕುಡಿಯುತ್ತಲೇ ನಿಶ್ಚಯ ಮಾಡಿದೆ. ವಾಡಿಯಲ್ಲಿ ಪಿಕಪ್ಪು ಸ್ಟೇಷನ್ನಿನ ಕಡೆ ತಿರುಗಿತೋ, ಸರಿ. ತಿರುಗದಿದ್ದರೆ ಬ್ರೇಕು ನನ್ನ ಕಾಲಡಿಯಲ್ಲೇ ಇದೆ.

ವಾಡಿ

ವಾಡಿ ಹತ್ತಿರವಾದದ್ದು ಮೊದಲು ಮೂಗಿಗೆ ಗೊತ್ತಾಯಿತು. ಕಲ್ಲಿದ್ದಲ ಹೊಗೆ. ಆಮೇಲೆ ಗೂಡ್ಸ್ ವ್ಯಾಗನ್ನುಗಳು ಒಂದಕ್ಕೊಂದು ಗುದ್ದಿಕೊಳ್ಳುವ ಸದ್ದು. ಬಂಡೆ ಹೇರಿದ ಲಾರಿಗಳು ಎದುರಿಗೆ ಬಂದು ಧೂಳನ್ನು ಇನ್ನಷ್ಟು ಎಬ್ಬಿಸಿದವು. ಅದರ ಮಧ್ಯೆ ಸ್ಟೇಷನ್ನಿನ ತಿರುವು, ಜಟಕಾಗಳು, ಹಣ್ಣಿನ ಗಾಡಿ ಎಲ್ಲ ಕಂಡವು. ಪಿಕಪ್ಪು ನಿಧಾನವಾಯಿತು. ದೇವರೇ, ನನ್ನ ಅನುಮಾನ ಸುಳ್ಳಾಯಿತು, ಕೆಟ್ಟ ಬುದ್ಧಿ ನನ್ನದು ಅಂತ ಕೆನ್ನೆ ಬಡಿದುಕೊಳ್ಳಲು ಕೈಯೆತ್ತಿದೆ. ಪಿಕಪ್ಪು ಒಂದು ಎತ್ತಿನ ಬಂಡಿಗೆ ದಾರಿ ಬಿಟ್ಟು, ತಿರುವನ್ನು ದಾಟಿ, ನೆಟ್ಟಗೆ ಮುಂದೆ ಹೋಯಿತು.

ಹಾರ್ನ್ ಒತ್ತಿದೆ. ಮುಂದಿನ ಎರಡು ತಲೆಗಳು ಅಲುಗಲಿಲ್ಲ. ಮತ್ತೆ ಒತ್ತಿದೆ. ನಮ್ಮವರ ತಲೆ ಇನ್ನಷ್ಟು ಕೆಳಗಾಯಿತು. ನನ್ನ ಊರಿನ ರೈಲು ನಿಲ್ಲುವ ಸ್ಟೇಷನ್ನು ಹಿಂದೆ ಸರಿಯುತ್ತಿದೆ, ನಾನು ಕುರಿಯ ಹಾಗೆ ಹಗ್ಗದ ತುದಿಯಲ್ಲಿ ಹೋಗುತ್ತಿದ್ದೇನೆ. ಎರಡೂ ಕಾಲನ್ನು ಎತ್ತಿ ಬ್ರೇಕಿನ ಮೇಲೆ ಇಟ್ಟು ನಿಂತುಬಿಟ್ಟೆ.

ಢಬ್ ಅಂತ ಹಗ್ಗ ಹರಿದು ನನ್ನ ಗಾಜಿಗೇ ಬಂದು ಬಡಿಯಿತು. ಪಿಕಪ್ಪು ಮುಗ್ಗರಿಸಿ ಮುಂದೆ ಹೋಗಿ ನಿಂತಿತು. ತೊಟ್ಟಿಯಲ್ಲಿದ್ದ ಒರಳುಕಲ್ಲು ಉರುಳಿದ ಸದ್ದು ಕೇಳಿಸಿತು.

ಇಳಿದೆ. ಇಬ್ಬರೂ ಓಡಿಬಂದರು. ಏನಾಯಿತು ಏನಾಯಿತು ಅಂತ ಕೇಳುತ್ತಿದ್ದ ನಮ್ಮವರಿಗೆ ನಾನು ಹೇಳಿದ್ದನ್ನು ಮೈಸೂರಿನಲ್ಲಿ ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. "ನನ್ನನ್ನು ಸಾಲಕ್ಕೆ ಹಚ್ಚೋಕೆ ನಾನೇನು ನಿಮ್ಮಪ್ಪನ ಮನೆ ದನವಾ?"

ಮೌಲಾಲಿ ನನ್ನನ್ನೂ ಅವರನ್ನೂ ಒಮ್ಮೆ ನೋಡಿದ.

"ಸಾಲ ಯಾರ್ ಅಂದಾರ್ರಿ ಅಮ್ಮಾರೆ? ಸಾಲಿ ಅಂದೀನ್ರಿ. ಹುಡುಗೂರು ಪಾಟಿ ಹಿಡ್ಕೊಂಡು ಓದಲಿಕ್ಕ ಹೋಗ್ತಾವಲ್ಲ, ಆ ಸಾಲಿ."

ಸಾಲಿ ಅಂದರೆ ಶಾಲೆ. ಸಾಲಿಗೆ ಹಚ್ಚುವುದು ಅಂದರೆ ಶಾಲೆಗೆ ಸೇರಿಸುವುದು. ನನಗೆ ನಗು ಉಕ್ಕಿ ಬಂತು. ಅರ್ಧ ನಕ್ಕೂ ಆಗಿತ್ತು, ಅಷ್ಟರಲ್ಲಿ ತಲೆಗೆ ಹೊಳೆಯಿತು. ಯಾವ ಶಾಲೆ? ನಾನು ಯಾಕೆ ಶಾಲೆಗೆ?

ನಮ್ಮವರು ಆಗ ಬಾಯಿಬಿಟ್ಟರು. ವರ್ಗವಾಗಿದ್ದು ಮೈಸೂರಿಗಲ್ಲ, ಶಹಾಬಾದಿಗೆ. ಸುದ್ದಿ ಕಳಿಸುವಾಗ ಊರಿನ ಹೆಸರು ಬೇಕೆಂದೇ ಬಿಟ್ಟಿದ್ದರು. ಶಹಾಬಾದಿನಲ್ಲಿ ಮನೆ ಹಿಡಿದಾಗಿತ್ತು. ಕಾರು ರಿಪೇರಿ ಮಾಡುವ ಮಿಸ್ತ್ರಿಯೂ ಅಲ್ಲೇ ಇದ್ದ. ಮನೆಯ ಹಿಂದೆಯೇ ಹುಡುಗಿಯರ ಕನ್ನಡ ಶಾಲೆ, ಅಲ್ಲಿಗೆ ಹೆಣ್ಣು ಟೀಚರು ಸಿಕ್ಕಿರಲಿಲ್ಲ. ನನ್ನ ಹೆಂಡತಿ ಒಪ್ಪಿದ್ದಾಳೆ, ಬರುತ್ತಾಳೆ ಅಂತ ಊರವರಿಗೆ ಮಾತು ಕೊಟ್ಟುಬಿಟ್ಟಿದ್ದರು. ನಿನಗೆ ಪಾಠ ಹೇಳುವುದು ಅಂದರೆ ಎಷ್ಟು ಇಷ್ಟ ಅಂತ ನನಗೆ ಗೊತ್ತಿಲ್ಲವೇ ರತ್ನ, ಅಲ್ಲಿ ಹೋಗಿ ಶಾಲೆ ನೋಡಿದರೆ ನೀನೇ ಸಂತೋಷಪಡುತ್ತೀಯ ಅಂದುಕೊಂಡೆ ಅಂದರು. ಕೊನೆಗೆ ಮೆಲ್ಲಗೆ, "ಮೊದಲೇ ಕೇಳಿದ್ದರೆ ನೀನು ಇಲ್ಲ ಅಂತಿದ್ದೆ," ಅಂದರು.

"ಹೌದು, ಇಲ್ಲ ಅಂತಿದ್ದೆ. ಇಲ್ಲ ಅನ್ನೋದಕ್ಕಾದರೂ ಕೇಳಬೇಕಾಗಿತ್ತು."

ನಡುರಸ್ತೆಯಲ್ಲಿ ನಿಂತು ಅತ್ತೆ. ಶಹಾಬಾದಿಗಾಗಿ ಅಲ್ಲ. ಪಿಕಪ್ಪಿನವನಿಗೆ ಗೊತ್ತು, ಸೇಡಂನ ಹೆಂಗಸರಿಗೆ ಗೊತ್ತು, ಚಿತ್ತಾಪುರದ ಹೋಟೆಲಿನ ಮುದುಕನಿಗೂ ಗೊತ್ತು. ಆ ದಾರಿಯಲ್ಲಿ ನಾನು ಎಲ್ಲಿಗೆ ಹೋಗುತ್ತಿದ್ದೇನೆ ಅನ್ನುವುದು ಗೊತ್ತಿಲ್ಲದವಳು ನಾನೊಬ್ಬಳೇ. ಬೆಳಗಿನಿಂದ ಕಂಡಕಂಡ ಅಪರಿಚಿತರನ್ನೆಲ್ಲ ಅನುಮಾನಿಸಿದ್ದೆ. ಅವರಲ್ಲಿ ಒಬ್ಬರೂ ನನಗೆ ಸುಳ್ಳು ಹೇಳಿರಲಿಲ್ಲ.

ಮೌಲಾಲಿಯ ಮುಖ ಕಪ್ಪಿಟ್ಟಿತ್ತು. ನೀವು ಅಮ್ಮಾರಿಗೆ ಹೇಳಿಲ್ಲ ಅಂತ ನನಗೂ ಹೇಳಲಿಲ್ಲವಲ್ಲ ಸಾಹೇಬ್ರೇ ಅಂತ ನಮ್ಮವರ ಮೇಲೆ ರೇಗಿದ. ಆಮೇಲೆ ನನ್ನ ಕಡೆ ತಿರುಗಿ ವಿಷಯ ಹೇಳಿದ. ಅವರ ಗಲ್ಲಿಯಲ್ಲಿ ಗಂಡಸು ಮಾಸ್ತರರ ಹತ್ತಿರ ದೊಡ್ಡ ಹುಡುಗಿಯರನ್ನು ಕಳಿಸುವುದಿಲ್ಲ. ಅವನ ಮಗಳು ಎರಡು ವರ್ಷದಿಂದ ಮನೆಯಲ್ಲೇ ಕುಳಿತಿದ್ದಾಳೆ. ಬಾಯೋರು, ಅಂದರೆ ಹೆಣ್ಣು ಟೀಚರು, ಬರುತ್ತಾರೆ ಅಂತ ದಾರಿಯುದ್ದಕ್ಕೂ ಸಾರಿಕೊಂಡು ಬಂದದ್ದು ಖುಷಿಗೆ. ಅವನ ಷಡ್ಡಕ ತನ್ನ ಹುಡುಗಿಯರನ್ನೂ ಶಹಾಬಾದಿನಲ್ಲಿ ಇವನ ಮನೆಯಲ್ಲಿಟ್ಟು ಓದಿಸುವುದಾಗಿ ಸೇಡಂನಲ್ಲಿ ಒಪ್ಪಿದ್ದ.

"ಆಗ ಕೇಳಿಲ್ಲ, ಈಗ ಕೇಳ್ತೀನ್ರಿ," ಅಂದ. "ನಮ್ಮೂರ ಸಾಲಿಗಿ ಬರ್ತೀರೇನ್ರಿ ಅಮ್ಮಾರೆ?"

"ಇಲ್ಲ," ಅಂದೆ.

"ಆಯ್ತ್ರಿ."

ಅಷ್ಟೇ. ಯಾಕೆ ಅನ್ನಲಿಲ್ಲ, ಇನ್ನೊಮ್ಮೆ ಯೋಚಿಸಿ ಅನ್ನಲಿಲ್ಲ. ಹರಿದ ಹಗ್ಗದ ಎರಡು ತುದಿಗಳನ್ನು ಗಂಟು ಹಾಕಿ ಕಾರಿಗೆ ಬಿಗಿದ. ಪಿಕಪ್ಪನ್ನು ವಾಡಿಯ ಕಡೆ ತಿರುಗಿಸಿದ. ನಾನು ಮುಂದಿನ ಸೀಟಿನ ಬಾಗಿಲು ತೆಗೆದು ಹತ್ತಿ ಕುಳಿತೆ. ನಮ್ಮವರು ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಹೋಗಿ ಕಾರಿನ ಸ್ಟೀರಿಂಗಿನ ಹಿಂದೆ ಕುಳಿತರು.

ಸ್ಟೇಷನ್ನಿನವರೆಗೆ ಮೌಲಾಲಿ ತಾನಾಗಿ ಮಾತಾಡಲಿಲ್ಲ. ನಿಮ್ಮ ಮಗಳ ಹೆಸರೇನು ಅಂತ ನಾನೇ ಕೇಳಿದೆ. ಜೈನಬ್ ಅಂದ. ಮನೆಯಲ್ಲಿ ಉರ್ದು ಓದುತ್ತಾಳೆ, ಕನ್ನಡದಲ್ಲಿ ಬಸ್ಸಿನ ಬೋರ್ಡಿನಷ್ಟು ಬರುತ್ತದೆ, ಅದನ್ನೂ ಕೂಡಿಸಿ ಕೂಡಿಸಿ ಓದುತ್ತಾಳೆ ಅಂದ. ಪಕ್ಕದ ಕನ್ನಡಿಯಲ್ಲಿ ನಮ್ಮವರು ಕಾಣುತ್ತಿದ್ದರು. ಧೂಳಿಗೆ ಹುಬ್ಬು, ಮೀಸೆ, ತಲೆ ಎಲ್ಲ ಬೆಳ್ಳಗಾಗಿ, ಕೆಮ್ಮುತ್ತ, ನಮ್ಮಿಬ್ಬರ ತಲೆಗಳನ್ನೇ ನೋಡುತ್ತ ಬರುತ್ತಿದ್ದರು. ಸ್ವಲ್ಪ ಸಮಾಧಾನವಾಯಿತು, ಸುಳ್ಳು ಹೇಳಲಾರೆ.

ಮೌಲಾಲಿ ನನ್ನ ಟ್ರಂಕನ್ನು ಪ್ಲಾಟ್‌ಫಾರ್ಮಿನವರೆಗೆ ಹೊತ್ತು ತಂದಿಟ್ಟು, ಹೋಗಿ ಬರ್ರಿ ಅಂತ ಕೈಮುಗಿದ. ಕಾರು ರಿಪೇರಿಯಾಗಲಿ ಅಂತ ಅಲ್ಲೇ ಬಿಟ್ಟೆ. ಗಂಡನನ್ನೂ ಬಿಟ್ಟೆ. ರೈಲು ಹೊರಟ ಮೇಲೆ ಹೊಸ ಅನುಮಾನ ಶುರುವಾಯಿತು. ಅಷ್ಟು ಸಲೀಸಾಗಿ ಗಾಡಿ ತಿರುಗಿಸಿದನಲ್ಲ ಆ ಮೌಲಾಲಿ, ನನ್ನ ಮನಸ್ಸು ಮೆತ್ತಗೆ ಮಾಡುವ ಉಪಾಯ ಇರಬಹುದೇ? ಆ ಗುಮಾನಿ ಇವತ್ತಿಗೂ ಪೂರ್ತಿ ಹೋಗಿಲ್ಲ.

ಮೈಸೂರು

ಯುಗಾದಿಗೆ ನಮ್ಮವರು ಬಂದರು. ಕಾರು ಸರಿಯಾಗಿತ್ತಂತೆ, ಆದರೆ ರೈಲಿನಲ್ಲಿ ಬಂದಿದ್ದರು. ಹಬ್ಬದ ಊಟಕ್ಕೆ ಕುಳಿತಾಗ, ಅತ್ತೆಯವರು ಎದುರಿಗೇ ಇರುವಾಗ, ಎಲೆಯಿಂದ ಕೈ ಎತ್ತಿ ಕೇಳಿದರು.

"ಶಹಾಬಾದಿಗೆ ಬರ್ತೀಯಾ ರತ್ನ? ಶಾಲೆಗೆ ಇನ್ನೂ ಯಾರೂ ಸಿಕ್ಕಿಲ್ಲ."

ಅತ್ತೆಯವರು ಬಡಿಸುತ್ತಿದ್ದ ಸೌಟು ನಿಂತಿತು. ನನಗೆ ಈ ಮಾತಿಗಾಗಿ ಕಾದು ಕಾದು ಬಾಯಿ ಕಡಿಯುತ್ತಿತ್ತು.

"ಇಲ್ಲ," ಅಂದೆ.

"ಸರಿ," ಅಂದರು. ಒಬ್ಬಟ್ಟು ಮುರಿದು ತುಪ್ಪದಲ್ಲಿ ಅದ್ದಿ ತಿಂದರು. ಮುಖ ಸಪ್ಪಗಿತ್ತು, ಆದರೆ ಇನ್ನೊಂದು ಮಾತು ಬರಲಿಲ್ಲ. ಮದುವೆಯಾದ ಮೇಲೆ ನಾನು ಇಲ್ಲ ಅಂದದ್ದು ಇಲ್ಲ ಅಂತಲೇ ಉಳಿದದ್ದು ಆ ಮನೆಯಲ್ಲಿ ಅದೇ ಮೊದಲು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಗಿಹಾಕುವಾಗ ಅದನ್ನೇ ನೆನೆದು ನೆನೆದು ಹಿಗ್ಗಿದೆ.

ಮಾರನೆಯ ಬೆಳಿಗ್ಗೆ ಅವರು ಹೊರಡುವುದಕ್ಕೆ ಹಾಸಿಗೆ ಸುತ್ತುತ್ತಿದ್ದರು. ಹೋಗಿ ಎದುರಿಗೆ ನಿಂತೆ.

"ಇನ್ನೊಂದು ಸಲ ಕೇಳಿ," ಅಂದೆ.

ಕೇಳಿದರು. ಅಟ್ಟದ ಮೇಲಿಂದ ನನ್ನ ಟ್ರಂಕು ಇಳಿಸಿಕೊಡಿ ಅಂದೆ.